ಬ್ರಿಟನ್ನಿಗೆ ಎರಡು ದಿನ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಪ್ರಕಟವಾದ ವಿದೇಶ ಪ್ರವಾಸದ ಲೇಖನವನ್ನು ಆಸ್ಥೆಯಿಂದ ಓದಿದೆ. ಹನ್ನೆರಡು ದಿನಗಳಲ್ಲಿ ಯುರೋಪಿನ ಏಳು ದೇಶಗಳನ್ನು ಸುತ್ತಿ ಬರುವ ಬಗೆಯನ್ನು ವಿವರಿಸಿದ್ದ ಆ ಲೇಖನದಲ್ಲಿ, ಬ್ರಿಟನ್ನಿಗೆ ಎರಡು ದಿನ ಸಾಕು, ಲಂಡನ್ ನೋಡಿದರೆ ಆ ದೇಶವನ್ನು ನೋಡಿದಂತೆಯೇ ಎಂಬ ಅರ್ಥದ ಮಾತಿತ್ತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈಗ ವಿದೇಶಕ್ಕೆ ಹೋಗಿಬರುವ ಕುಟುಂಬಗಳು ಅನೇಕವಿವೆ. ಕಾಫಿಗೂ ಮೆಣಸಿಗೂ ಒಳ್ಳೆಯ ಬೆಲೆ ಬಂದ ವರ್ಷ ಹೋಗುವವರು ಇನ್ನೂ ಹೆಚ್ಚು. ಹಾಗೆ ಹೊರಡುವವರು ಈ ಮಾತನ್ನು ನಂಬಿ, ನಮ್ಮ ಮಲೆನಾಡಿನ ಕಣ್ಣಿಗೆ ಬೇರೆಲ್ಲ ದೇಶಗಳಿಗಿಂತ ಹೆಚ್ಚು ಹತ್ತಿರವಾಗಬಲ್ಲ ಒಂದು ನಾಡನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡು ಮರಳಬಾರದೆಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದ್ದರೂ ಪ್ರಕಟಿಸಬೇಕೆಂದು ವಿನಂತಿ.

ಮೊದಲು ಅಳತೆಯ ಮಾತು. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ಮೂರೂ ಸೇರಿದ ಬ್ರಿಟನ್ ದ್ವೀಪದ ವಿಸ್ತೀರ್ಣ ಸುಮಾರು 2,09,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ್ದು 1,91,791. ಅಂದರೆ ನಮ್ಮ ರಾಜ್ಯಕ್ಕಿಂತ ಸ್ವಲ್ಪವೇ ದೊಡ್ಡದು. ಹೊರಗಿನಿಂದ ಬಂದ ನೆಂಟರಿಗೆ ಲಾಲ್‌ಬಾಗನ್ನೂ ವಿಧಾನಸೌಧವನ್ನೂ ತೋರಿಸಿ, ಕರ್ನಾಟಕ ಇಷ್ಟೇ ಎಂದು ಹೇಳಿ ಬೆಂಗಳೂರಿನಿಂದಲೇ ವಿಮಾನ ಹತ್ತಿಸಿದರೆ ಬೇಲೂರಿನವರಿಗೆ, ಶೃಂಗೇರಿಯವರಿಗೆ, ಬಾದಾಮಿಯವರಿಗೆ ಹೇಗನ್ನಿಸೀತು? ಲಂಡನ್ನಿಗೆ ಎರಡು ದಿನ ಕೊಟ್ಟು ಬ್ರಿಟನ್ ಮುಗಿಯಿತು ಎನ್ನುವುದೂ ಅಂಥದೇ. ಬ್ರಿಟನ್ ಚಿಕ್ಕದಾಗಿರುವುದು ಅದನ್ನು ಬೇಗ ಮುಗಿಸಲಿಕ್ಕಲ್ಲ, ನಿಧಾನವಾಗಿ ಸುತ್ತಲಿಕ್ಕೆ ಅನುಕೂಲ. ಲಂಡನ್ನಿನಿಂದ ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರೋ ಸುಮಾರು 640 ಕಿಲೋಮೀಟರ್. ರೈಲಿನಲ್ಲಿ ನಾಲ್ಕೂವರೆ ಗಂಟೆಯ ದಾರಿ. ಎರಡು ಮೂರು ಗಂಟೆ ಕಾರಿನಲ್ಲಿ ಹೋದರೆ ನೆಲದ ಬಣ್ಣ, ಮನೆಗಳ ಕಲ್ಲು, ಜನರ ಮಾತಿನ ಧಾಟಿ ಎಲ್ಲವೂ ಬದಲಾಗಿರುತ್ತವೆ. ಕಾಟ್ಸ್‌ವಾಲ್ಡ್ಸ್ ಗುಡ್ಡಗಳ ಹಳ್ಳಿಗಳಲ್ಲಿ ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳಿದ್ದರೆ, ಉತ್ತರದ, ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟಿನಲ್ಲಿ ಮಳೆಗೆ ಮಿರುಗುವ ಬೂದು ಸ್ಲೇಟುಕಲ್ಲಿನ ಮನೆಗಳು. ಎಡಿನ್‌ಬರೋ ತಲುಪಿದರೆ ಹೊಗೆಯಲ್ಲಿ ಕಪ್ಪಾದ ಮರಳುಗಲ್ಲಿನ ಎತ್ತರದ ಗೋಡೆಗಳು. ಕಾಲಕೆಳಗಿನ ನೆಲದಲ್ಲಿ ಯಾವ ಕಲ್ಲು ಸಿಕ್ಕಿತೋ ಅದರಲ್ಲಿಯೇ ಊರು ಕಟ್ಟಿಕೊಂಡಿದ್ದಾರೆ. ಬಳಪದ ಕಲ್ಲು ಸಿಗದಿದ್ದರೆ ಹೊಯ್ಸಳರ ಶಿಲ್ಪ ಆ ರೂಪ ತಾಳುತ್ತಿರಲಿಲ್ಲ ಎಂಬುದನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಈ ಸಂಗತಿ ಬೇಗ ಮನಸ್ಸಿಗೆ ಹಿಡಿಯುತ್ತದೆ.

ಎಂಟು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಒಂದು ತಂಡದ ಪ್ರವಾಸದಲ್ಲಿ ಲಂಡನ್ನಿಗೆ ಹೋಗಿದ್ದೆವು. ಅರಮನೆಯ ಮುಂದೆ ಹದಿನೈದು ನಿಮಿಷ, ಟವರ್ ಸೇತುವೆಯ ಬಳಿ ಇಪ್ಪತ್ತು ನಿಮಿಷ, ಮೇಣದ ಬೊಂಬೆಗಳ ಪ್ರದರ್ಶನದಲ್ಲಿ ಒಂದೂವರೆ ಗಂಟೆ ಕಳೆಯಿತು. ಬ್ರಿಟಿಷ್ ಮ್ಯೂಸಿಯಂ ಇರುವ ರಸ್ತೆಯನ್ನು ಬಸ್ಸು ದಾಟುವಾಗ ಮಾರ್ಗದರ್ಶಕರು ಕೈ ತೋರಿಸಿ, ಅದೋ ಅಲ್ಲಿದೆ ಎಂದರು. ಮೂರನೆಯ ದಿನ ಪ್ಯಾರಿಸ್ಸಿಗೆ ಹೊರಟಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದ ನನಗೆ, ಊರಿಗೆ ಬಂದ ಮೇಲೆ ಇಂಗ್ಲೆಂಡ್ ಹೇಗಿತ್ತು ಎಂದು ಕೇಳಿದವರಿಗೆ ಹೇಳಲು ಏನೂ ಇಲ್ಲವಾಯಿತು. ಆ ಕೊರಗು ಹಾಗೆಯೇ ಉಳಿದಿತ್ತು. ಮಗಳು ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಕಳೆದ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮೂರನೆಯ ವಾರದವರೆಗೆ, ಇಪ್ಪತ್ನಾಲ್ಕು ದಿನ, ಬೇರೆ ಯಾವ ದೇಶವನ್ನೂ ಸೇರಿಸದೆ ಬ್ರಿಟನ್ನೊಂದನ್ನೇ ನೋಡಿ ಬಂದೆವು. ಕಾಫಿ ಬೆಳೆಗಾರರಿಗೆ ಇದು ಅನುಕೂಲದ ಕಾಲವೂ ಹೌದು. ಮಳೆಗಾಲದ ಕೆಲಸ ಒಂದು ಹದಕ್ಕೆ ಬಂದಿರುತ್ತದೆ, ಅರೇಬಿಕಾ ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಅಲ್ಲಿ ಶಾಲೆಗಳು ಆಗತಾನೇ ತೆರೆದಿರುವುದರಿಂದ ಜನಸಂದಣಿ ಇಳಿದಿರುತ್ತದೆ, ಸಂಜೆ ಏಳೂವರೆಯವರೆಗೂ ಬೆಳಕು ಇರುತ್ತದೆ.

ಆ ಇಪ್ಪತ್ನಾಲ್ಕು ದಿನಗಳಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಅರಮನೆಯಲ್ಲ, ಕೋಟೆಯಲ್ಲ, ಅಲ್ಲಿನ ಕಾಲುದಾರಿಗಳು. ಈ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಲೇಕ್ ಡಿಸ್ಟ್ರಿಕ್ಟಿನಲ್ಲಿ ಗ್ರಾಸ್‌ಮಿಯರ್ ಹತ್ತಿರದ ಒಂದು ರೈತರ ಮನೆಯಲ್ಲಿ ಐದು ರಾತ್ರಿ ತಂಗಿದ್ದೆವು. ನಮ್ಮ ಹೋಂಸ್ಟೇಗಳ ಹಾಗೆಯೇ, ರಾತ್ರಿ ಮಲಗಲು ಕೋಣೆ, ಬೆಳಿಗ್ಗೆ ಹೊಟ್ಟೆತುಂಬ ತಿಂಡಿ. ಮೊದಲ ದಿನ ಬೆಳಿಗ್ಗೆ ನಡೆದಾಡಿ ಬರೋಣವೆಂದು ಹೊರಟವರು ಒಂದು ಗೇಟಿನ ಮುಂದೆ ನಿಂತುಬಿಟ್ಟೆವು. ಆಚೆ ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು, ಅದರಾಚೆ ಯಾರದೋ ಮನೆಯ ಅಂಗಳ. ಇನ್ನೊಬ್ಬರ ಹೊಲಕ್ಕೆ ಕಾಲಿಡುವುದು ಹೇಗೆಂದು ಹಿಂದಿರುಗುವಷ್ಟರಲ್ಲಿ ಮನೆಯ ಯಜಮಾನಿ ಬಂದು, ಗೇಟಿನ ಕಂಬಕ್ಕೆ ಬಡಿದಿದ್ದ ಹಳದಿ ಬಾಣದ ಗುರುತನ್ನು ತೋರಿಸಿ, ಇದು ಎಲ್ಲರ ದಾರಿ, ಹೋಗಿ, ಗೇಟು ಮಾತ್ರ ಮುಚ್ಚಿಕೊಂಡು ಹೋಗಿ ಎಂದರು. ಆ ದಾರಿ ಅವರ ಕೊಟ್ಟಿಗೆಯ ಪಕ್ಕದಲ್ಲೇ ಹಾದು, ಗಾರೆಯಿಲ್ಲದೆ ಬರಿಯ ಕಾಡುಗಲ್ಲು ಜೋಡಿಸಿ ಕಟ್ಟಿದ ಗೋಡೆಗಳನ್ನು ತಡಮೆಯ ಮೂಲಕ ದಾಟಿ, ಗುಡ್ಡದ ನೆತ್ತಿಗೆ ಹೋಗಿ ಆಚೆ ಕಣಿವೆಗೆ ಇಳಿಯುತ್ತಿತ್ತು. ತಡಮೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ದನ ದಾಟದ, ಮನುಷ್ಯ ಮಾತ್ರ ಹತ್ತಿ ಇಳಿಯುವ ನಮ್ಮ ಮಲೆನಾಡಿನ ತಡಮೆಯನ್ನೇ ಅಲ್ಲಿ ಕಲ್ಲಿನ ಮೆಟ್ಟಿಲುಗಳಲ್ಲಿ ಮಾಡಿದ್ದಾರೆ. ಅದನ್ನು ಕಂಡಾಗ ನನ್ನ ಹೆಂಡತಿಗೆ ತವರಿನ ಗದ್ದೆಯ ಬದು ನೆನಪಾಯಿತು. ಎಷ್ಟೋ ಹೊತ್ತು ಅಲ್ಲಿಯೇ ಕುಳಿತಿದ್ದಳು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೀಗೆ ಸಾರ್ವಜನಿಕರಿಗೆ ಹಕ್ಕಿರುವ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್. ಹಿಂದೆ ಹಳ್ಳಿಗರು ಚರ್ಚಿಗೆ, ಹಿಟ್ಟಿನ ಗಿರಣಿಗೆ, ಸಂತೆಗೆ ಹೋಗುತ್ತಿದ್ದ ದಾರಿಗಳೇ ಅವುಗಳಲ್ಲಿ ಅನೇಕ. ಭೂಮಿ ಯಾರದೇ ಆಗಿರಲಿ, ದಾರಿ ಮಾತ್ರ ಊರಿನದು. ಈ ಹಕ್ಕು ಸುಲಭವಾಗಿ ಉಳಿದುಬಂದದ್ದಲ್ಲ. ಮ್ಯಾಂಚೆಸ್ಟರ್, ಶೆಫೀಲ್ಡ್ ಕಾರ್ಖಾನೆಗಳ ನಡುವೆ ಇರುವ ಎತ್ತರದ ಬೋಳುಗುಡ್ಡಗಳನ್ನು ಜಮೀನ್ದಾರರು ತಮ್ಮ ಹಕ್ಕಿ ಬೇಟೆಗಾಗಿ ಮುಚ್ಚಿಟ್ಟಿದ್ದರು. ವಾರವಿಡೀ ಹೊಗೆ ಕುಡಿಯುವ ಕಾರ್ಮಿಕರಿಗೆ ಭಾನುವಾರ ಗುಡ್ಡ ಹತ್ತಲು ದಾರಿಯಿರಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಯುವಕರು ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಕಾವಲುಗಾರರ ಕಣ್ಣೆದುರಿಗೇ ಹತ್ತಿದರು. ಅವರ ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಐವರು ಸೆರೆಮನೆಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದು, ಸ್ಥಳೀಯ ಆಡಳಿತಗಳು ಸಾರ್ವಜನಿಕ ದಾರಿಗಳ ಅಧಿಕೃತ ನಕ್ಷೆಯನ್ನು ಸಿದ್ಧಪಡಿಸಿಡಬೇಕೆಂದಾಯಿತು; 1951ರಲ್ಲಿ ಅದೇ ಕಿಂಡರ್ ಸ್ಕೌಟ್ ಇರುವ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾನೂನು ಇಂಗ್ಲೆಂಡ್, ವೇಲ್ಸ್‌ಗಳ ಬೆಟ್ಟ ಮತ್ತು ಬಯಲುಗುಡ್ಡಗಳ ಮೇಲೆ ನಡೆದಾಡುವ ಹಕ್ಕು ಕೊಟ್ಟಿತು. ಸ್ಕಾಟ್‌ಲೆಂಡಿನಲ್ಲಿ 2003ರ ಕಾನೂನಿನಿಂದ ಈ ಹಕ್ಕು ಇನ್ನೂ ವಿಶಾಲವಾಯಿತು.

ಮ್ಯಾಂಚೆಸ್ಟರಿನಿಂದ ರೈಲಿನಲ್ಲಿ ಈಡೇಲ್ ಎಂಬ ಹಳ್ಳಿಗೆ ಹೋಗಿ, ಒಂದು ಭಾನುವಾರ ಮಗಳೊಂದಿಗೆ ನಾನೂ ಆ ಕಿಂಡರ್ ಸ್ಕೌಟ್ ಗುಡ್ಡದ ಅಂಚಿನವರೆಗೆ ಹತ್ತಿದೆ. ಉತ್ತರಕ್ಕೆ ಸ್ಕಾಟ್‌ಲೆಂಡಿನ ಗಡಿಯವರೆಗೆ 431 ಕಿಲೋಮೀಟರ್ ಸಾಗುವ ಪೆನ್ನೈನ್ ವೇ ಎಂಬ ನಡಿಗೆಯ ಹಾದಿ ಶುರುವಾಗುವುದು ಇದೇ ಹಳ್ಳಿಯಿಂದ. ಹೆದರ್ ಎಂಬ ಗಿಡ ಹೂಬಿಟ್ಟು ಗುಡ್ಡವಿಡೀ ನೇರಳೆಯಾಗಿತ್ತು. ಬಾಬಾಬುಡನ್‌ಗಿರಿಯಲ್ಲಿ ಗುರಿಗೆ (ನೀಲಕುರಿಂಜಿ) ಹೂ ಅರಳಿದಾಗಿನ ನೋಟವನ್ನು ಬಲ್ಲವರಿಗೆ ಬೇರೆ ವರ್ಣನೆ ಬೇಕಾಗುವುದಿಲ್ಲ. ಗುರಿಗೆ ಹನ್ನೆರಡು ವರ್ಷಕ್ಕೊಮ್ಮೆ, ಇದು ಪ್ರತಿ ಆಗಸ್ಟಿನಲ್ಲಿ ಎಂಬುದಷ್ಟೇ ವ್ಯತ್ಯಾಸ. ಇಳಿಯುವಾಗ ದಾರಿಯ ಬೇಲಿಗಳಲ್ಲಿ ಕಪ್ಪು ಮುಳ್ಳುಹಣ್ಣು ಗೊಂಚಲುಗೊಂಚಲಾಗಿ ಹಣ್ಣಾಗಿತ್ತು. ನಡೆಯುವವರೆಲ್ಲ ಕಿತ್ತು ತಿನ್ನುತ್ತಿದ್ದರು, ನಾವೂ ತಿಂದೆವು.

ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಐನೂರು ಮೀಟರಿಗೂ ಹೆಚ್ಚು ಎತ್ತರ. ಎತ್ತರದಲ್ಲಿ ನಮ್ಮದೇ ಮೇಲು, ಕಾಡಿನ ಸಮೃದ್ಧಿಯಲ್ಲಂತೂ ಹೋಲಿಕೆಯೇ ಇಲ್ಲ. ಆದರೂ ಮುಳ್ಳಯ್ಯನಗಿರಿಗೆ ವಾರಾಂತ್ಯ ಹೋದವರು ಕಾಣುವುದು ವಾಹನಗಳ ಸಾಲನ್ನು. ಬ್ರಿಟನ್ನಿನಲ್ಲಿ ಜನ ಕಾರನ್ನು ಕಣಿವೆಯ ಊರಿನಲ್ಲಿ ನಿಲ್ಲಿಸಿ, ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುತ್ತಾರೆ. ಎಪ್ಪತ್ತು ದಾಟಿದ ದಂಪತಿಗಳು ಮಳೆಯಂಗಿ ತೊಟ್ಟು ನಿಶ್ಚಿಂತೆಯಾಗಿ ಗುಡ್ಡ ಹತ್ತುವುದನ್ನು ದಿನವೂ ಕಂಡೆ. ನಮ್ಮ ಗ್ರಾಮ ನಕ್ಷೆಗಳಲ್ಲಿಯೂ ಕಾಲುದಾರಿ, ಬಂಡಿದಾರಿಗಳನ್ನು ಗುರುತಿಸಿದ್ದಾರೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ನಕಾಶೆಯಲ್ಲಿದ್ದರೂ ನೆಲದ ಮೇಲೆ ಬೇಲಿಯೊಳಗೆ ಸೇರಿಹೋದ ಎಷ್ಟು ದಾರಿಗಳು ನಮ್ಮ ನಮ್ಮ ಊರುಗಳಲ್ಲಿವೆ ಎಂಬುದನ್ನು ಆ ಗುಡ್ಡದ ಮೇಲೆ ನಿಂತು ಯೋಚಿಸದಿರಲು ನನ್ನಿಂದಾಗಲಿಲ್ಲ.

ವೇಲ್ಸ್ ನಾಡಿನಲ್ಲಿ ಕನ್ನಡಿಗರು ಕಾಣಲೇಬೇಕಾದದ್ದು ಇನ್ನೊಂದಿದೆ. ಸೆವರ್ನ್ ನದಿಯನ್ನು ದಾಟಿದೊಡನೆ ರಸ್ತೆಯ ಫಲಕಗಳಲ್ಲಿ ಎರಡು ಭಾಷೆಗಳು ಕಾಣುತ್ತವೆ. ತಿರುವಿನ ಮುಂಚೆ ರಸ್ತೆಯ ಮೇಲೆಯೇ ದೊಡ್ಡದಾಗಿ ‘ಆರವ್’ ಎಂದು ಬರೆದಿರುತ್ತಾರೆ. ವೇಲ್ಸ್ ಭಾಷೆಯಲ್ಲಿ ನಿಧಾನ ಎಂದರ್ಥ. ಅಲ್ಲಿನ ಜನಸಂಖ್ಯೆ ಸುಮಾರು 31 ಲಕ್ಷ, 2021ರ ಜನಗಣತಿಯಂತೆ ಆ ಭಾಷೆ ಬಲ್ಲವರು ಸುಮಾರು 5,38,000. ಜಗತ್ತನ್ನೇ ಆವರಿಸಿದ ಇಂಗ್ಲಿಷಿನ ಮಗ್ಗುಲಲ್ಲೇ ಕುಳಿತು, ಅಷ್ಟು ಕಡಿಮೆ ಜನ ತಮ್ಮ ಭಾಷೆಗೆ 2011ರಲ್ಲಿ ಅಧಿಕೃತ ಸ್ಥಾನ ದೊರಕಿಸಿಕೊಂಡಿದ್ದಾರೆ. ಸ್ನೋಡನ್ ಎಂದು ನಾವು ಪಾಠದಲ್ಲಿ ಓದಿದ 1,085 ಮೀಟರ್ ಎತ್ತರದ ಬೆಟ್ಟವನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನದವರು 2022ರಿಂದ ಅದರ ಮೂಲ ಹೆಸರಾದ ‘ಅರ್ ವಿಥ್ವಾ’ ಎಂದೇ ಕರೆಯುತ್ತಿದ್ದಾರೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಚಿಕ್ಕಮಗಳೂರು ಎಂದೇ ಬರೆಯತೊಡಗಿದ ನಮಗೆ ಆ ಸಂತೋಷ ಚೆನ್ನಾಗಿ ಅರ್ಥವಾಗುತ್ತದೆ. ಅಂಗಡಿಯೊಂದರಲ್ಲಿ ಅಜ್ಜಿಯೊಬ್ಬರು ಮೊಮ್ಮಗುವಿನೊಡನೆ ಆ ಭಾಷೆಯಲ್ಲಿ ಮಾತನಾಡುವುದನ್ನು ಕೇಳಿದೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತೇವೆ ಎಂಬುದು ಆಗ ಮನಸ್ಸನ್ನು ಚುಚ್ಚಿತು. ಇಂಗ್ಲೆಂಡಿನ ಗಡಿಗೆ ಅಂಟಿಕೊಂಡ ಹೇ-ಆನ್-ವೈ ಎಂಬ ಪುಟ್ಟ ಊರಿನ ತುಂಬ ಹಳೆಯ ಪುಸ್ತಕಗಳ ಅಂಗಡಿಗಳಿವೆ. ಪುಸ್ತಕಪ್ರಿಯರು ಅಲ್ಲಿಗೆ ಒಂದು ದಿನ ಮೀಸಲಿಡಲಿ.

ವೈ ನದಿಯ ದಂಡೆಯಲ್ಲೇ ಸ್ವಲ್ಪ ದಕ್ಷಿಣಕ್ಕೆ ಟಿಂಟರ್ನ್ ಎಂಬಲ್ಲಿ 1131ರಲ್ಲಿ ಸ್ಥಾಪನೆಯಾದ ಕ್ರೈಸ್ತ ಸನ್ಯಾಸಿಗಳ ಮಠವೊಂದಿದೆ. ಎಂಟನೆಯ ಹೆನ್ರಿ ದೊರೆ ಮಠಗಳನ್ನೆಲ್ಲ ಮುಚ್ಚಿಸಿದಾಗ, 1536ರಲ್ಲಿ, ಅದೂ ಪಾಳುಬಿತ್ತು. ಈಗ ಅದಕ್ಕೆ ಛಾವಣಿಯಿಲ್ಲ, ಕಿಟಕಿಗಳಿಗೆ ಗಾಜಿಲ್ಲ. ಎತ್ತರದ ಕಮಾನುಗಳ ನಡುವೆ ಆಕಾಶ, ಕೆಳಗೆ ಒಪ್ಪವಾಗಿ ಕತ್ತರಿಸಿದ ಹುಲ್ಲು. ಹಾಸನದವರಿಗೆ ಥಟ್ಟನೆ ಶೆಟ್ಟಿಹಳ್ಳಿಯ ಚರ್ಚು ನೆನಪಾಗದೆ ಇರದು. ಹೇಮಾವತಿಯ ಹಿನ್ನೀರಿನಲ್ಲಿ ಪ್ರತಿ ಮಳೆಗಾಲವೂ ಮುಳುಗಿ ಏಳುವ ಆ ಕಟ್ಟಡದ ಚೆಲುವು ಟಿಂಟರ್ನ್‌ಗೆ ಕಡಿಮೆಯದಲ್ಲ. ಟಿಂಟರ್ನ್‌ನಲ್ಲಿ ಒಂದು ಗೋಡೆಯ ಕಲ್ಲು ಸಡಿಲವಾಗಿದೆಯೆಂದು ಆ ಭಾಗಕ್ಕೆ ಬೇಲಿ ಹಾಕಿ ದುರಸ್ತಿ ಮಾಡುತ್ತಿದ್ದರು. ಪಾಳುಗಟ್ಟಡವನ್ನು ಪಾಳಾಗಿಯೇ ಉಳಿಸಿಕೊಳ್ಳಲು ಇಷ್ಟು ದುಡಿಮೆ ಬೇಕು ಎಂಬುದನ್ನು ನಾನು ಮೊದಲ ಬಾರಿ ಕಂಡದ್ದು ಅಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ನಮ್ಮ ಜಿಲ್ಲೆಯ ಜನ ಇಂಥ ತಾಣಗಳನ್ನು ನೋಡಿಬರುವುದು ವಿಹಾರಕ್ಕಿಂತ ಹೆಚ್ಚಿನ ಪ್ರಯೋಜನದ ಮಾತು.

ಇಷ್ಟು ಹೇಳಿದೆನೆಂದು ನಗರಗಳು ಬೇಡವೆಂದಲ್ಲ. ಲಂಡನ್ನಿಗೆ ನಾವು ನಾಲ್ಕು ದಿನ ಕೊಟ್ಟೆವು, ಇನ್ನೂ ಎರಡು ದಿನ ಕೊಡಬಹುದಿತ್ತು. ಅಲ್ಲಿನ ರಾಷ್ಟ್ರೀಯ ಸಂಗ್ರಹಾಲಯಗಳ ಪ್ರವೇಶ ಉಚಿತ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಮರಾವತಿಯ ಬೌದ್ಧ ಶಿಲ್ಪಗಳನ್ನೂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಕೊಂಡೊಯ್ದ ಟಿಪ್ಪುವಿನ ಮರದ ಹುಲಿಯನ್ನೂ ನೋಡಿದಾಗ ಮನಸ್ಸು ಭಾರವಾಯಿತು. ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ಮನೆಯಿಂದ ಅರ್ಧ ಗಂಟೆಯಲ್ಲಿ ತಲುಪುವ ನನಗೆ, ಅದನ್ನು ಕಟ್ಟಿಸಿದವನ ಆಟಿಕೆ ಅಷ್ಟು ದೂರದ ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ಸುಮ್ಮನೆ ನೋಡಿ ಬರಲಾಗಲಿಲ್ಲ. ಥೇಮ್ಸ್ ನದಿಯ ಆಲ್ಬರ್ಟ್ ದಂಡೆಯಲ್ಲಿ, ಪಾರ್ಲಿಮೆಂಟ್ ಭವನದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಹಿಂದಿನ ಪ್ರವಾಸದಲ್ಲಿ ನಮ್ಮ ಬಸ್ಸಿನಲ್ಲಿದ್ದ ಕನ್ನಡಿಗರಿಗೆ ಅದನ್ನು ಯಾರೂ ತೋರಿಸಲಿಲ್ಲ. ಕಾರ್ನ್‌ಹಿಲ್ ಬಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ, 1652ರಲ್ಲಿ ಪಾಸ್ಕ್ವಾ ರೋಸೆ ಎಂಬಾತ ಲಂಡನ್ನಿನ ಮೊದಲ ಕಾಫಿ ಅಂಗಡಿಯನ್ನು ತೆರೆದ ಜಾಗದಲ್ಲಿ, ಒಂದು ಫಲಕವಿದೆ. ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ನಮ್ಮ ಗಿರಿಗೆ ತಂದನೆಂದು ಪ್ರತೀತಿಯಿರುವುದೂ ಅದೇ ಶತಮಾನದಲ್ಲಿ.

ಯಾರ್ಕ್ ನಗರದ ಮಧ್ಯಯುಗದ ಕೋಟೆಗೋಡೆಯ ಮೇಲೆ ಮೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆಯಬಹುದು. ಕೆಳಗಿನ ರೈಲ್ವೆ ಸಂಗ್ರಹಾಲಯದಲ್ಲಿ 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ವೇಗದಲ್ಲಿ ಓಡಿದ ಮಲ್ಲಾರ್ಡ್ ಎಂಬ ಉಗಿಬಂಡಿಯಿದೆ. ಬಾತ್ ನಗರದಲ್ಲಿ ರೋಮನ್ನರು ಕಟ್ಟಿದ ಸ್ನಾನಗೃಹದ ಬುಗ್ಗೆಯಿಂದ 46 ಡಿಗ್ರಿ ಬಿಸಿಯ ನೀರು ಇಂದಿಗೂ ಉಕ್ಕುತ್ತಿದೆ. ಬ್ರಿಸ್ಟಲ್ಲಿನಲ್ಲಿ, 1833ರಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರ ಸಮಾಧಿ ಇದೆ. ಕಂಬಗಳ ಮೇಲೆ ಗುಮ್ಮಟವಿರುವ, ನಮ್ಮ ದೇಶದ ‘ಛತ್ರಿ’ ಕಟ್ಟಡಗಳ ಮಾದರಿಯ ಆ ಪುಟ್ಟ ಮಂಟಪದ ಮುಂದೆ ಅರ್ಧ ಗಂಟೆ ಮೌನವಾಗಿ ನಿಂತಿದ್ದೆ. ಎಡಿನ್‌ಬರೋವಿನಲ್ಲಿ ಕೋಟೆಗಿಂತ ನನಗೆ ಹಿಡಿಸಿದ್ದು ಊರ ನಡುವೆಯೇ ಎದ್ದುನಿಂತ, ಆರಿಹೋದ ಅಗ್ನಿಪರ್ವತದ ತುಣುಕಾದ 251 ಮೀಟರಿನ ಆರ್ಥರ್ಸ್ ಸೀಟ್ ಗುಡ್ಡ. ಸಂಜೆ ಕಚೇರಿ ಬಿಟ್ಟವರು ಅದನ್ನು ಹತ್ತಿ ಕಡಲು ನೋಡುತ್ತ ಕೂರುತ್ತಾರೆ.

ನಮ್ಮನ್ನು ಆಳಿದವರ ನಾಡಿಗೆ ಹಣ ಸುರಿದು ಹೋಗುವುದೇಕೆ ಎಂದು ಹಿರಿಯ ಸ್ನೇಹಿತರೊಬ್ಬರು ಕೇಳಿದರು. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಅವರಿಗೆ ಹೇಳಿದ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದ ನಡುವೆ ನಮ್ಮ ಮಂಜರಾಬಾದಿಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬಾತನ ಹೆಸರನ್ನು ಹಳೆಯ ಬೆಳೆಗಾರರು ಕೇಳಿರುತ್ತಾರೆ. ಆತನ ಮನೆ ಕ್ಲಿಫ್ಟನ್ ಪಾರ್ಕ್ ಇದ್ದದ್ದು ಸ್ಕಾಟ್‌ಲೆಂಡಿನ ಗಡಿಯಲ್ಲಿ, ಟ್ವೀಡ್ ನದಿಯ ದಂಡೆಯ ಕೆಲ್ಸೊ ಪಟ್ಟಣದ ಹತ್ತಿರ. ಆಳವಾಗಿ ಬೇರಿಳಿಯುವ ಹುಲ್ಲುಗಳನ್ನು ಬೆಳೆಸಿ ಬಡವಾದ ನೆಲವನ್ನು ಮತ್ತೆ ಫಲವತ್ತಾಗಿಸುವ ಕ್ರಮವನ್ನು ಆತ ಅಲ್ಲಿ ಪ್ರಯೋಗ ಮಾಡಿ, ಅದರಿಂದಲೂ ಹೆಸರಾದ. ಎಡಿನ್‌ಬರೋದಿಂದ ಯಾರ್ಕಿಗೆ ಬರುವಾಗ ಬೇಕೆಂದೇ ಆ ದಾರಿ ಹಿಡಿದೆವು. ಕುರಿಗಳು ಮೇಯುವ ಇಳಿಜಾರು, ಹೊಳೆ, ಪಾಳುಬಿದ್ದ ಮಠ. ಇಷ್ಟು ತಣ್ಣನೆಯ, ಮರವೇ ವಿರಳವಾದ ಗುಡ್ಡಗಳಿಂದ ಹೊರಟವರು ನಮ್ಮ ದಟ್ಟ ಕಾನಿನೊಳಗೆ ಬಂದು ನೆರಳಿನ ಕಾಫಿ ಬೆಳೆದರಲ್ಲ, ಅವರಿಗೆ ನಮ್ಮ ಕಾಡು ಹೇಗೆ ಕಂಡಿರಬಹುದು, ಅದರಲ್ಲಿ ದುಡಿದ ನಮ್ಮ ಜನ ಹೇಗೆ ಕಂಡಿರಬಹುದು ಎಂದು ಅಲ್ಲಿ ನಿಂತಾಗ ಯೋಚನೆಯಾಯಿತು. ನಮ್ಮ ಚರಿತ್ರೆಯ ಅರ್ಧ ಭಾಗ ಆ ನೆಲದಲ್ಲಿದೆ. ಅದನ್ನು ನೋಡುವ ಹಕ್ಕು ನಮಗೆ ಯಾರಿಗಿಂತಲೂ ಹೆಚ್ಚಾಗಿಯೇ ಇದೆ.

ಖರ್ಚು ಕಡಿಮೆಯೆಂದು ನಾನು ಹೇಳಲಾರೆ. ಲಂಡನ್ನಿನಲ್ಲಿ ಕೋಣೆಯ ಬಾಡಿಗೆ ಎದೆ ನಡುಗಿಸುವಷ್ಟಿದೆ. ಆದರೆ ಅಲ್ಲಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಹಳ್ಳಿಯ ಕಡೆ ನಾವು ಸುಮಾರು ಎರಡು ರಾತ್ರಿ ಕಳೆದೆವು. ಅಡುಗೆಮನೆಯಿರುವ ಸಣ್ಣ ಮನೆ ಹಿಡಿದ ಕಡೆ ಅನ್ನ ಸಾರು ಮಾಡಿಕೊಂಡೆವು. ಮೆಣಸಿನಪುಡಿ, ಚಟ್ನಿಪುಡಿ, ಸಾರಿನಪುಡಿ ತೆಗೆದುಕೊಂಡು ಹೋದರೆ ಸಾಕು, ಅಕ್ಕಿ ಬೇಳೆ ಅಲ್ಲಿಯೇ ಸಿಗುತ್ತವೆ. ತುಪ್ಪ, ಹಾಲಿನ ಸಿಹಿತಿಂಡಿ, ಮಾಂಸದ ಪದಾರ್ಥಗಳನ್ನು ನಮ್ಮ ದೇಶದಿಂದ ಒಯ್ಯಲು ಅಲ್ಲಿನ ಕಾನೂನಿನ ಅನುಮತಿಯಿಲ್ಲ. ಮಕ್ಕಳನ್ನು ನೋಡಲು ಹೋಗುವ ತಾಯಂದಿರು ಇದನ್ನು ತಿಳಿದಿರಬೇಕು. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಸಣ್ಣ ಊರಿನ ಹೋಟೆಲಿನಲ್ಲಿಯೂ ಸಸ್ಯಾಹಾರದ ಎರಡು ಮೂರು ಬಗೆ ದೊರೆತವು. ರೈಲು ಟಿಕೇಟುಗಳನ್ನು ವಾರಗಳ ಮುಂಚೆ ಕೊಂಡರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ.

ನಗರದಿಂದ ನಗರಕ್ಕೆ ರೈಲು, ಹಳ್ಳಿಗಾಡಿಗೆ ಕಾರು ಎಂಬುದು ನನ್ನ ಅನುಭವದ ಸಲಹೆ. ನಮ್ಮಂತೆಯೇ ಅಲ್ಲಿಯೂ ರಸ್ತೆಯ ಎಡಗಡೆಯೇ ಓಡಿಸಬೇಕು, ನಮ್ಮ ದೇಶದ ಚಾಲನಾ ಪರವಾನಗಿಯಲ್ಲಿ ಹನ್ನೆರಡು ತಿಂಗಳವರೆಗೆ ಸಣ್ಣ ವಾಹನ ಓಡಿಸಬಹುದು. ವೇಗದ ಮಿತಿಯನ್ನು ಮೈಲಿಗಳಲ್ಲಿ ಬರೆದಿರುತ್ತಾರೆಂಬುದನ್ನೂ, ವೃತ್ತಗಳಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬುದನ್ನೂ ಮರೆಯಬಾರದು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಓಡಿಸಿ ಬಲ್ಲವರಿಗೆ ಅಲ್ಲಿನ ಬೆಟ್ಟದ ರಸ್ತೆ ಕಷ್ಟವೆನಿಸದು. ಒಂದೇ ವಾಹನ ಹಿಡಿಯುವ ಸ್ಕಾಟ್‌ಲೆಂಡಿನ ಹಾದಿಗಳಲ್ಲಿ ಅಲ್ಲಲ್ಲಿ ಅಗಲ ಮಾಡಿರುವ ಜಾಗದಲ್ಲಿ ಎದುರಿನವರಿಗಾಗಿ ನಿಲ್ಲಬೇಕು. ದಾರಿ ಬಿಟ್ಟಾಗ ಪ್ರತಿಯೊಬ್ಬರೂ ಕೈ ಎತ್ತಿ ವಂದಿಸಿ ಮುಂದೆ ಹೋಗುತ್ತಿದ್ದುದು ನಮಗೆ ಬಹಳ ಸಂತೋಷ ಕೊಟ್ಟಿತು. ಮಳೆ ಯಾವಾಗ ಬೇಕಾದರೂ ಬರುತ್ತದೆ. ಜೂನ್ ಜುಲೈನಲ್ಲಿ ಸಕಲೇಶಪುರದಲ್ಲಿ ಬದುಕುವವರಿಗೆ ಅದು ಮಳೆಯೆನಿಸುವುದಿಲ್ಲವಾದರೂ, ಗುಡ್ಡದ ಮೇಲೆ ಗಾಳಿಯೊಂದಿಗೆ ಸೇರಿ ಮೈ ಕೊರೆಯುತ್ತದೆ. ಒಳ್ಳೆಯ ಮಳೆಯಂಗಿಯೂ ಹಿಡಿತವಿರುವ ಬೂಟೂ ಅಗತ್ಯ.

ಇನ್ನು ನನ್ನ ಕೋರಿಕೆ. ಹಾಸನ, ಚಿಕ್ಕಮಗಳೂರುಗಳಲ್ಲಿ ವಿದೇಶ ಪ್ರವಾಸ ಏರ್ಪಡಿಸುವವರು ಏಳು ದೇಶಗಳ ಪಟ್ಟಿಯ ಜೊತೆಗೆ, ಬ್ರಿಟನ್ನೊಂದಕ್ಕೇ ಹದಿನೈದು ದಿನಗಳ ಒಂದು ಪ್ರವಾಸವನ್ನೂ ರೂಪಿಸಲಿ. ಅದರಲ್ಲಿ ಐದು ದಿನ ನಗರಗಳಿಗಿರಲಿ, ಉಳಿದ ದಿನಗಳಲ್ಲಿ ಎರಡು ಮೂರು ಹಳ್ಳಿಗಳಲ್ಲಿ ನಿಂತು, ದಿನಕ್ಕೆ ಎರಡು ಗಂಟೆಯಾದರೂ ಕಾಲುದಾರಿಯಲ್ಲಿ ನಡೆಯುವ ಅವಕಾಶವಿರಲಿ. ಐವತ್ತು ಜನರ ಬಸ್ಸಿಗಿಂತ ಹತ್ತು ಹನ್ನೆರಡು ಜನರ ಚಿಕ್ಕ ತಂಡ ಇದಕ್ಕೆ ಸೂಕ್ತ. ತಾವೂ ಪ್ರವಾಸ ಪುಟದಲ್ಲಿ ವಾರಕ್ಕೊಂದು ಪ್ರದೇಶದಂತೆ ಲೇಕ್ ಡಿಸ್ಟ್ರಿಕ್ಟ್, ವೇಲ್ಸ್, ಯಾರ್ಕ್, ಸ್ಕಾಟ್‌ಲೆಂಡುಗಳ ಬಗ್ಗೆ ದಾರಿ, ದೂರ, ತಂಗುವ ವ್ಯವಸ್ಥೆಗಳ ವಿವರದೊಂದಿಗೆ ಬರೆಸಿದರೆ ಓದುಗರಿಗೆ ನಿಜವಾದ ಉಪಕಾರವಾಗುತ್ತದೆ. ಯುರೋಪಿನ ಇತರ ದೇಶಗಳಿಗೆ ಪಡೆದ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ, ಅದಕ್ಕೆ ಬೇರೆ ವೀಸಾ ಬೇಕು. ಪ್ರವಾಸಕ್ಕೆ ಮೂರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬರುವ ಆಗಸ್ಟ್ ಕೊನೆಯಲ್ಲಿ ಹೊರಡಬೇಕೆನ್ನುವವರು ಮೇ ತಿಂಗಳ ಕೊನೆಯಲ್ಲಿಯೇ ಆ ಕೆಲಸ ಮುಗಿಸಿಕೊಂಡರೆ, ಹೆದರ್ ಹೂ ಬಾಡುವ ಮುನ್ನ ಈಡೇಲ್ ತಲುಪಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ ಮತ್ತು ಕಾಫಿ ಬೆಳೆಗಾರ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ